ಚೀಲದ ತಳದ ಕಾಳು

ಜನವರಿಯಲ್ಲಿ ರಜೆಗೆ ಮಂಡ್ಯಕ್ಕೆ ಬಂದಿದ್ದೆ. ನಾಲೆಗೆ ನೀರು ಬಿಟ್ಟಿದ್ದರು. ಅಪ್ಪ ಬೇಸಿಗೆ ಭತ್ತಕ್ಕೆ ಒಟ್ಲು, ಅಂದರೆ ಸಸಿಮಡಿ, ಬಿಡುವ ಆತುರದಲ್ಲಿದ್ದರು. ನೆನೆಹಾಕಿದ ಬಿತ್ತನೆ ಭತ್ತವನ್ನು ಗೋಣಿಚೀಲಕ್ಕೆ ತುಂಬಿ, ಮೇಲೆ ಹುಲ್ಲು ಮುಚ್ಚಿ, ಕಲ್ಲು ಹೇರಿ ಇಟ್ಟಿದ್ದರು. ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿದೆ. ಬೆಚ್ಚಗಿನ ಹಬೆ ಮುಖಕ್ಕೆ ಬಂತು. ಕಾಳಿನ ತುದಿಯಲ್ಲಿ ಬಿಳಿ ಮೊಳಕೆ ಇಣುಕುತ್ತಿತ್ತು.

"ಬಂದಿದೆ ಅಪ್ಪ, ಚೆಲ್ಲೋಣ. ನಾನು ಅಲ್ಲೂ ಇದೇ ಕೆಲಸ ಮಾಡಿದೀನಿ" ಎಂದೆ.

"ಅಲ್ಲೂ ಭತ್ತ ಬೆಳೀತಾರೇನ್ಲಾ?"

ಭತ್ತ ಅಲ್ಲ, ಹುಲ್ಲು. ಕೆನಡಾದ ಒಂಟಾರಿಯೊದಲ್ಲಿ ಒಂದು ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದು ನನ್ನ ಕೆಲಸ. ಊರಲ್ಲಿ ಹೀಗೆಂದರೆ "ದನ ಎಷ್ಟವೆ?" ಅಂತ ಕೇಳುತ್ತಾರೆ. ಚೆಂಡು ಬೀಳುವ ಗುಳಿಯ ಸುತ್ತ ಚಾಪೆ ಹಾಸಿದ ಹಾಗೆ ಇರುತ್ತದಲ್ಲ, ಅದೇ ಗ್ರೀನ್. ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್‌ಗೆ ಕತ್ತರಿಸುತ್ತೇವೆ. ಬಿಸಿಲು ನಾಡಿನ ಗ್ರೀನ್‌ಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗಣೇಶನ ಗರಿಕೆಯ ಜಾತಿಯೇ. ಒಂಟಾರಿಯೊ ಚಳಿಗೆ ಅದು ನಡೆಯುವುದಿಲ್ಲ. ಅಲ್ಲಿ ಬೆಂಟ್‌ಗ್ರಾಸ್. ಅದರ ನಡುವೆ ಕರೆಯದೇ ಬಂದು ಕೂರುವ ಪೋವಾ ಎಂಬ ಇನ್ನೊಂದು ಹುಲ್ಲು.

ಹಿಮ ಬಿದ್ದರೆ ಹುಲ್ಲಿಗೆ ಕಂಬಳಿ ಹೊದಿಸಿದ ಹಾಗೆ, ಭಯವಿಲ್ಲ. ಭಯ ಇರುವುದು ಮಂಜುಗಡ್ಡೆಯದು. ಚಳಿಗಾಲದ ನಡುವೆ ಒಂದು ಮಳೆ ಬಂದು, ಹಿಮ ಅರ್ಧ ಕರಗಿ, ರಾತ್ರಿ ಹೆಪ್ಪುಗಟ್ಟಿತೆಂದರೆ ಗ್ರೀನ್ ಮೇಲೆ ಗಾಜಿನ ಮುಚ್ಚಳ ಬಿದ್ದಂತೆ. ಕೆಳಗೆ ಬೇರು ಮತ್ತು ಮಣ್ಣಿನ ಜೀವಾಣು ಉಸಿರಾಡುತ್ತಲೇ ಇರುತ್ತವೆ. ಆಮ್ಲಜನಕ ಮುಗಿಯುತ್ತದೆ, ಕೆಟ್ಟ ಗಾಳಿ ತುಂಬುತ್ತದೆ. ಪೋವಾ ಹೆಚ್ಚೆಂದರೆ ಎರಡು ತಿಂಗಳು ತಡೆಯುತ್ತದೆ. ಬೆಂಟ್‌ಗ್ರಾಸ್ ಗಟ್ಟಿ ಜೀವ, ಮೂರು ತಿಂಗಳು ದಾಟಿಸುತ್ತದೆ.

"ನಮ್ ಭತ್ತ ನೀರಲ್ಲೇ ನಿಂತಿರ್ತದೆ, ಸಾಯಲ್ವಲ್ಲ?"

"ಅದರ ಗರಿ ಮೇಲಿರುತ್ತೆ. ಅಲ್ಲಿಂದ ಗಾಳಿ ಬೇರಿಗೆ ಇಳಿಯುತ್ತೆ. ತಲೆ ಮುಳುಗಿದ್ರೆ?"

"ಕೊಳೀತದೆ."

"ಅಲ್ಲಿ ತಲೆನೂ ಮುಳುಗಿರುತ್ತೆ."

ಅಪ್ಪ ಹೂಂಗುಟ್ಟಿದರು. ನನಗೂ ಹೇಳಿಕೊಳ್ಳಬೇಕಿತ್ತೇನೋ, ಹಿಂದಿನ ವರ್ಷದ ನನ್ನ ತಪ್ಪು ಬಾಯಿಗೆ ಬಂತು.

ಹುಲ್ಲು ಬದುಕಿದೆಯಾ ಅಂತ ತಿಳಿಯಲು ಫೆಬ್ರವರಿಯಲ್ಲಿ ಮಂಜುಗಡ್ಡೆ ಒಡೆದು, ಮಣ್ಣಿನ ಸಮೇತ ಒಂದು ಹೆಂಟೆ ತೆಗೆದು, ಒಳಗೆ ಬೆಚ್ಚಗೆ ಕಿಟಕಿ ಪಕ್ಕ ಇಡುತ್ತೇವೆ. ವಾರ ಹತ್ತು ದಿನದಲ್ಲಿ ಹಸಿರು ಚಿಗುರಿದರೆ ಬದುಕಿದೆ ಅಂತ. ನಾನು ಗ್ರೀನ್‌ನ ಎತ್ತರದ ಅಂಚಿನಿಂದ ತೆಗೆದೆ. ಅಲ್ಲಿ ಗಡ್ಡೆ ತೆಳ್ಳಗಿತ್ತು. ನಿಜ ಹೇಳಬೇಕೆಂದರೆ, ಆ ಚಳಿಯಲ್ಲಿ ಬೈರಿಗೆ ಹಿಡಿದು ಕೈ ಮರಗಟ್ಟಿಸಿಕೊಳ್ಳಲು ಮನಸ್ಸಿರಲಿಲ್ಲ. ಹೆಂಟೆ ಚೆನ್ನಾಗಿ ಚಿಗುರಿತು. "ಎಲ್ಲಾ ಸರಿ ಇದೆ" ಅಂತ ಮೇಲಿನವರಿಗೆ ಹೇಳಿಬಿಟ್ಟೆ.

ಏಪ್ರಿಲ್‌ನಲ್ಲಿ ಗಡ್ಡೆ ಕರಗಿತು. ಮೊದಲು ಬಂದದ್ದು ವಾಸನೆ, ಕೊಳೆತ ಮೊಟ್ಟೆಯದು. ಆಮೇಲೆ ಬಣ್ಣ. ನೀರು ನಿಲ್ಲುವ ತಗ್ಗಿನಲ್ಲೆಲ್ಲ ಹುಲ್ಲು ಒಣ ಭತ್ತದ ಹುಲ್ಲಿನ ಹಾಗೆ ಬಿಳುಚಿಕೊಂಡಿತ್ತು. ಆ ತಗ್ಗಲ್ಲಿ ಇದ್ದದ್ದೆಲ್ಲ ಪೋವಾ. ಬೆರಳಿಗೆ ಸಿಕ್ಕಿದ್ದು ಸುಮ್ನೆ ಕಿತ್ತು ಬರುತ್ತಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗ್ರೀನ್ ಮುಚ್ಚಿ, ಆಟಕ್ಕೆ ಪಕ್ಕದಲ್ಲಿ ತಾತ್ಕಾಲಿಕ ಗುಳಿ ತೋಡಿದೆವು. ಆಟಗಾರರ ಗೊಣಗಾಟ ಬೇಸಿಗೆಯವರೆಗೂ ನಿಲ್ಲಲಿಲ್ಲ. ಮಣ್ಣು 10 ಡಿಗ್ರಿಗಿಂತ ಬೆಚ್ಚಗಾಗದೆ ಬೆಂಟ್‌ಗ್ರಾಸ್ ಬೀಜ ಅಲುಗುವುದಿಲ್ಲ, ಅದಕ್ಕೇ ಗಾಳಿಯಾಡುವ ಬಟ್ಟೆ ಹೊದಿಸಿದೆವು. ಮೇಲ್ಮಣ್ಣಿಗೆ ಸಣ್ಣ ಸಣ್ಣ ತೂತು ಹೊಡೆದು ಬೀಜಕ್ಕೆ ಜಾಗ ಮಾಡಿದೆವು. ಬೀಜವನ್ನು ತೊಟ್ಟಿಯಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಮೊಳಕೆ ಒಡೆಯುವ ಹೊತ್ತಿಗೆ ಮರಳಿನಲ್ಲಿ ಕಲಸಿ ಎರಚಿದೆವು. ಅಲ್ಲಿ ಅದನ್ನೊಂದು ಜಾಣತನ ಅಂತ ನನಗೆ ಕಲಿಸಿದರು! ನಾನು ಚಡ್ಡಿ ಹಾಕುವ ಕಾಲದಿಂದ ನೋಡಿದ್ದು.

"ಬೀಜ ಎಷ್ಟು ದಪ್ಪ? ರಾಗಿಯಷ್ಟಾ?"

"ರಾಗಿ ಅದರ ಮುಂದೆ ಕಡಲೆಕಾಳು. ಒಂದು ಕೆಜಿಗೆ ಕೋಟಿಗಿಂತ ಜಾಸ್ತಿ."

ಅಪ್ಪ ತಲೆ ಕೊಡವಿದರು, ಅಷ್ಟು ಸಣ್ಣ ಬೀಜದ ಮೇಲೆ ನಂಬಿಕೆ ಇಲ್ಲದವರ ಹಾಗೆ. ದಿನಕ್ಕೆ ಮೂರು ನಾಲ್ಕು ಸಲ ಚಿಮುಕಿಸುವಷ್ಟೇ ನೀರು ಕೊಟ್ಟೆವು, ಜಾಸ್ತಿಯಾದರೆ ಬೀಜ ಕೊಚ್ಚಿ ಹೋಗುತ್ತದೆ. ಗುಳಿಯ ಹತ್ತಿರ ಮಾತ್ರ ಕಾಯಲಿಲ್ಲ. ನಮ್ಮದೇ ಸಸಿಮಡಿಯಿಂದ ಹೆಂಟೆ ಕಿತ್ತು ತಂದು ನಾಟಿ ಹಾಕಿದಂತೆ ಕೂರಿಸಿದೆವು. ಮೊದಮೊದಲು ಎತ್ತರಕ್ಕೇ ಕತ್ತರಿಸಿ, ನಿಧಾನವಾಗಿ ಇಳಿಸಿದೆವು. ಗ್ರೀನ್ ತೆರೆದಾಗ ಜೂನ್ ಅರ್ಧ ಕಳೆದಿತ್ತು.

ಅಪ್ಪ ಬೀಡಿ ಆರಿಸಿದರು.

"ಅಂದ್ರೆ ಎತ್ತರದಲ್ಲಿ ನೋಡ್ಬುಟ್ಟು ತಗ್ಗಿಗೂ ಸೇರ್ಸಿ ಹೇಳ್ದೆ."

"ಹೂಂ."

ಎದ್ದು ಬಂದು ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿದರು. ತಳದಿಂದ ಒಂದು ಹಿಡಿ ಕಾಳು ತೆಗೆದು ನನ್ನ ಅಂಗೈಗೆ ಸುರಿದರು. ತಣ್ಣಗಿದ್ದವು. ಅರ್ಧಕ್ಕರ್ಧ ಕಾಳು ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಚೀಲ ಮಗುಚು. ಇನ್ನೊಂದು ರಾತ್ರಿ ಇರ್ಲಿ."

ಬಾಯಿ ಕಟ್ಟಿ, ತಲೆಕೆಳಗು ಮಾಡಿ, ಮತ್ತೆ ಹುಲ್ಲು ಹೊದಿಸಿದೆ.