ಎಮ್ಯುಲೇಟರ್‌ನಲ್ಲಿ ಪಾಸ್, ಬೆರಳಿಗೆ ಫೇಲ್

ಬೆಂಗಳೂರಿನಲ್ಲಿ ಮೊಬೈಲ್ ಗೇಮ್ ಪೋರ್ಟಿಂಗ್ (ಒಂದು ಫೋನಿನ ಗೇಮನ್ನು ಇನ್ನೊಂದಕ್ಕೆ ಹೊಂದಿಸುವ) ಟೀಮಿನಲ್ಲಿ ಟೆಸ್ಟರ್ ಆಗಿದ್ದಾಗಿನ ಮಾತು. ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್ ಹೊಸದಾಗಿ ಬಂದಿತ್ತು. 2008ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಫೋನು. ಅಷ್ಟರಲ್ಲಿ ಐಫೋನ್ ಬಂದು ವರ್ಷ ದಾಟಿತ್ತು. ಎಸ್60 ಅನ್ನೋ ಸಾಫ್ಟ್‌ವೇರ್ ಇರುವ ಸಾಲಿನಲ್ಲಿ ನೋಕಿಯಾದ ಮೊದಲ ಟಚ್ ಫೋನ್ ಇದೇ. ನಮ್ಮ ಮ್ಯಾನೇಜರ್ ಅದನ್ನು ಎಕ್ಸೆಲ್ ಶೀಟಿನಲ್ಲಿ ಕೀ ಇರುವ ಹಳೇ ಎನ್73 ಫೋನಿನ ಕೆಳಗೆ ಇನ್ನೊಂದು ಸಾಲಾಗಿ ಸೇರಿಸಿದರು. ಸ್ಕ್ರೀನ್ 360×640, ಇಮೇಜ್ ರೀಸೈಜ್ ಮಾಡಿ, ಫೋನಿಗೆ ಹಾಕೋ ಬಿಲ್ಡ್ ಕೊಡಿ, ಅಷ್ಟೇ ಅಂದರು.

ಹ್ಯಾಂಡ್‌ಸೆಟ್ ಇದ್ದದ್ದು ಒಂದೇ. ಅದೂ ಬೀಗ ಹಾಕಿದ ಡ್ರಾಯರ್‌ನಲ್ಲಿ. ಹಾಗಾಗಿ ಎಲ್ಲ ಕೆಲಸ ಎಮ್ಯುಲೇಟರ್‌ನಲ್ಲೇ, ಅಂದರೆ ಕಂಪ್ಯೂಟರಿನಲ್ಲಿ ಫೋನಿನಂತೆ ನಡೆಯುವ ಪ್ರೋಗ್ರಾಂನಲ್ಲಿ, ಮೌಸ್ ಹಿಡಿದು ನಡೆಯಿತು. ಒಂದು ಬಗ್ ಕೂಡ ಕಾಣಲಿಲ್ಲ.

ಕ್ಲೈಂಟ್ ರಿವ್ಯೂ ದಿನ ಗೇಮ್ ತೆರೆದರೆ ಸ್ಕ್ರೀನಿನ ಕೆಳಭಾಗದ ತುಂಬ ಫೋನೇ ಬಿಡಿಸಿದ ಕೀಪ್ಯಾಡ್! ಟಚ್‌ಗೆಂದು ಮಾಡದ ಜಾವಾ ಗೇಮ್‌ಗಳಿಗೆ ಅದು ತಾನಾಗಿ ಬರುತ್ತಿತ್ತು. ಗೇಮಿನ ವಿವರ ಇರುವ ಜ್ಯಾಡ್ ಫೈಲ್‌ಗೆ ಒಂದು ಸಾಲು ಸೇರಿಸಿದರೆ ಹೋಗುತ್ತಿತ್ತು. ಕ್ಲೈಂಟನ್ನು ಕೂರಿಸಿಕೊಂಡೇ ಸೇರಿಸಿದೆವು.

ಆಮೇಲೆ ಅವರು ಮೆನು ಮೇಲೆ ಮೆಲ್ಲಗೆ ಬೆರಳಿಟ್ಟರು. ಏನೂ ಆಗಲಿಲ್ಲ. ಜೋರಾಗಿ ಒತ್ತಿದರು. ಬೆರಳು ಕೂದಲೆಳೆಯಷ್ಟು ಜಾರಿತು, ನಮ್ಮ ಕೋಡ್ ಅದನ್ನು ಡ್ರ್ಯಾಗ್ ಅಂದುಕೊಂಡು ಟ್ಯಾಪನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದರೆ ಕೆಳಗಿನ ಐಟಂ ತೆರೆಯಿತು. ಯಾರೂ ಉಸಿರೆತ್ತಲಿಲ್ಲ. ಕೊನೆಗೆ ನಮ್ಮ ಲೀಡ್, "ಸರ್, ಉಗುರಲ್ಲಿ ಒತ್ತಿ ನೋಡಿ" ಅಂದರು. ಒತ್ತಿದರು. ಸರಿಯಾಗಿ ತೆರೆಯಿತು. ಫೋನ್ ಮೇಜಿನ ಮೇಲಿಟ್ಟು ಅವರು ಕೇಳಿದರು: "ನಮ್ಮ ಕಸ್ಟಮರ್‌ಗೂ ಹೀಗೇ ಹೇಳಬೇಕೇನ್ರೀ?"

ಐಫೋನಿನದು ಕೆಪ್ಯಾಸಿಟಿವ್ ಸ್ಕ್ರೀನ್, ಬೆರಳು ತಾಕಿದರೆ ಸಾಕು. 5800ದು ರೆಸಿಸ್ಟಿವ್. ಎರಡು ಪದರ, ನಡುವೆ ಸಣ್ಣ ಸಂದು. ಒತ್ತಿ ಎರಡೂ ಕೂಡಿದರೆ ಮಾತ್ರ ಫೋನಿಗೆ ಗೊತ್ತಾಗೋದು. ಅದಕ್ಕೇ ಜೊತೆಗೆ ಸ್ಟೈಲಸ್ ಕೊಡುತ್ತಿದ್ದರು. ಮೌಸ್‌ಗೆ ಇದ್ಯಾವುದೂ ಅಡ್ಡ ಬರಲ್ಲ. ಅದು ಜಾರಲ್ಲ, ದಪ್ಪಗೂ ಇರಲ್ಲ.

ಆದರೂ ಆ ಫೋನನ್ನು ಹಳಿಯೋದು ನನಗೆ ಇಷ್ಟವಿಲ್ಲ. ಐಫೋನ್ ಕೈಗೆಟುಕದ ಎಷ್ಟೋ ಜನರಿಗೆ ಟಚ್ ಅಂದರೇನು ಅಂತ ತೋರಿಸಿದ್ದು ಅದು. ಕೊರತೆ ಇದ್ದದ್ದು ಒಳಗಿನ ಆಪರೇಟಿಂಗ್ ಸಿಸ್ಟಂ ಸಿಂಬಿಯನ್‌ನಲ್ಲಿ. ಕೀ ಫೋನಿಗೆಂದು ಬೆಳೆದ ಎಸ್60 ಮೇಲೆ ಟಚ್ ಕೂರಿಸಿದ್ದರು. ಹಾಗಾಗಿ ಲಿಸ್ಟ್‌ನಲ್ಲಿ ಒಂದು ಸಲ ತಟ್ಟಿದರೆ ಸೆಲೆಕ್ಟ್, ಇನ್ನೊಂದು ಸಲ ತಟ್ಟಿದರೆ ಓಪನ್. ಬಟನ್‌ಗೆ ಮಾತ್ರ ಒಂದೇ ಸಲ. ಬಳಸುವವರಿಗೆ ಗೊಂದಲ ಆಗದೇ ಇರುತ್ತಾ? ಟಚ್ ಅಂದರೆ ಕೀ ತೆಗೆದ ಫೋನ್ ಅಲ್ಲ. ನಮ್ಮ ಎಕ್ಸೆಲ್ ಶೀಟಿಗೂ ಇದೇ ಮಾತು ಅನ್ವಯಿಸುತ್ತೆ.

ರಿವ್ಯೂ ಮುಗಿದ ಮೇಲೆ "ಟೆಸ್ಟಿಂಗ್ ಸರಿಯಾಗಿಲ್ಲ" ಅಂತ ಮೇಲ್ ಬಂತು. ಫೋನ್ ಕೈಗೆ ಕೊಡದೆ ಟೆಸ್ಟ್ ಮಾಡು ಅಂದರೆ ಹೇಗೆ? ಆ ಮಾತು ಈಗಲೂ ಚುಚ್ಚುತ್ತೆ. ಆಮೇಲೆ ಡ್ರಾಯರ್ ಬೀಗ ತೆಗೆಸಿದೆವು. ಸಣ್ಣ ಜಾರಾಟವನ್ನು ಟ್ಯಾಪ್ ಅಂತಲೇ ಲೆಕ್ಕಹಾಕಿದೆವು, ಮೆನು ಸಾಲುಗಳನ್ನು ಎತ್ತರ ಮಾಡಿದೆವು, ಕೋಡ್ ಗೊತ್ತಿಲ್ಲದ ರಿಸೆಪ್ಷನ್‌ನವರ ಕೈಗೆ ಕೊಟ್ಟು ಹೆಬ್ಬೆರಳಲ್ಲಿ ಆಡಿಸಿದೆವು. ಬಿಲ್ಡ್ ಪಾಸ್ ಆಯಿತು. ನೋಕಿಯಾದ ಇನ್ನೆರಡು ಟಚ್ ಫೋನ್‌ಗಳಾದ 5530ಗೂ ಎನ್97ಗೂ ಅದೇ ಕೋಡ್ ಹೋಯಿತು. ಎರಡನೇ ಹ್ಯಾಂಡ್‌ಸೆಟ್ ಕೇಳಿದ್ದಕ್ಕೆ ಮಾತ್ರ, ಬಜೆಟ್ ಇಲ್ಲ ಅಂದರು.