ಹೀಟರ್‌ನಲ್ಲಿ ತಣ್ಣನೆ ಗಾಳಿ

ಲೀಟರಿಗೆ 17 ಕೊಡುತ್ತಿದ್ದ ನನ್ನ ಹಳೇ ಪೆಟ್ರೋಲ್ ಕಾರು 12ಕ್ಕೆ ಇಳಿದಾಗ ಮೊದಲು ಅನುಮಾನ ಬಂದಿದ್ದು ಬಂಕಿನವರ ಮೇಲೆ. ನನ್ನ ಲೆಕ್ಕ ತಪ್ಪಿರಲಿಲ್ಲ. ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 295 ಕಿಲೋಮೀಟರ್ ಓಡಿಸಿ ಮತ್ತೆ ತುಂಬಿಸಿದರೆ 24.6 ಲೀಟರ್ ಹಿಡಿದಿತ್ತು. ಹಾಸನದ ನಮ್ಮ ಮಾಮೂಲಿ ಬಂಕಿಗೆ ಹೋಗಿ, "5 ಲೀಟರ್ ಅಳತೆ ಕ್ಯಾನ್ ತನ್ನಿ" ಎಂದೆ. ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ಹುಡುಗ ಮುಖ ಸಿಂಡರಿಸಿಕೊಂಡೇ ತಂದ. ಪೆಟ್ರೋಲ್ ಸರಿಯಾಗಿ ಗೆರೆಗೆ ನಿಂತಿತು. ಹಿಂದಿದ್ದ ಬೈಕಿನವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ಟೈರ್ ಗಾಳಿ ನೋಡಿಸಿದೆ, ಏರ್ ಫಿಲ್ಟರ್ ಬದಲಿಸಿದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ಸಲೀಸಾಗಿ ಉರುಳಿತು, ಅಂದರೆ ಬ್ರೇಕ್ ಹಿಡಿದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಮಾತ್ರ ತುದಿಗೆ ಮಸಿ ಕಟ್ಟಿತ್ತು. ಅಂದರೆ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತಿದೆ. ಯಾಕೆ?

ಜುಲೈ ಮಳೆಯಲ್ಲಿ ಮಡಿಕೇರಿಗೆ ಹೋಗಿದ್ದೆವು. ಗಾಜಿಗೆ ಮಬ್ಬು ಕವಿಯಿತು. ಹೀಟರ್ ಹಾಕಿದರೆ ತಣ್ಣನೆ ಗಾಳಿ! ಎರಡು ಗಂಟೆ ಓಡಿದ ಇಂಜಿನ್ನು, ಬಿಸಿಯೇ ಇಲ್ಲ ಅಂದರೆ? ಆಗ ನೋಡಿದೆ. ನಡುವಿನಲ್ಲಿರಬೇಕಾದ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿತ್ತು.

"ಶಿರಾಡಿಯಿಂದ ಬಂದಾಗಿನಿಂದ ಅದು ಹಾಗೇ ಇದೆಯಲ್ಲ" ಎಂದಳು ಹೆಂಡತಿ.

ಹೌದಲ್ವಾ! ಬೇಸಿಗೆಯಲ್ಲಿ ಶಿರಾಡಿ ಘಾಟಿಯಲ್ಲಿ ಹೋಸ್ ಸೋರಿ ಕಾರು ಕುದಿದಿತ್ತು. ದಾರಿಬದಿಯ ಮೆಕ್ಯಾನಿಕ್ ಹೋಸ್ ಬದಲಿಸಿ, ಜೊತೆಗೆ ಥರ್ಮೋಸ್ಟಾಟನ್ನೂ ಕಿತ್ತು ಕೈಗಿಟ್ಟಿದ್ದ. "ನಮ್ಮ ಬಿಸಿಲಿಗೆ ಇದೆಲ್ಲಾ ಬೇಡ ಸಾರ್." ನಾನೂ ದೊಡ್ಡದಾಗಿ ತಲೆಯಾಡಿಸಿದ್ದೆ.

ಥರ್ಮೋಸ್ಟಾಟ್ ಒಂದು ಪುಟ್ಟ ಬಾಗಿಲಿದ್ದಂತೆ. ಇಂಜಿನ್ನಿನ ನೀರು 80 ಡಿಗ್ರಿ ಆಸುಪಾಸಿಗೆ ಕಾಯುವ ತನಕ ಅದನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಬಾಗಿಲೇ ಇಲ್ಲದಿದ್ದರೆ ನೀರು ಸುತ್ತುತ್ತಲೇ, ಆರುತ್ತಲೇ ಇರುತ್ತದೆ. ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಇಸಿಯು, ಪಾಪ, ಇಂಜಿನ್ ಈಗಷ್ಟೇ ಎದ್ದಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಊರಿಗೆ ಬಂದು ಸ್ಕ್ಯಾನರ್ ಹಾಕಿಸಿದೆ. ಅರ್ಧ ಗಂಟೆ ಓಡಿಸಿದ ಮೇಲೂ ನೀರು 58 ಡಿಗ್ರಿ. ಮೂರು ತಿಂಗಳು ನಾವು ಬೆಳಗಿನ ಚಳಿಯ ಇಂಜಿನ್ನನ್ನೇ ಓಡಿಸಿದ್ದೆವು.

ಹೊಸ ಥರ್ಮೋಸ್ಟಾಟ್, ಹೊಸ ಪ್ಲಗ್ ಹಾಕಿಸಿದೆ. ಮುಂದಿನ ಟ್ಯಾಂಕಿಗೆ 16.5 ಬಂತು. ಈಗಲೂ ಅದೇ ಬಂಕಿಗೆ ಹೋಗುತ್ತೇನೆ. ಹುಡುಗ ಪೈಪು ಎತ್ತುವ ಮೊದಲು ಕೇಳುತ್ತಾನೆ: "ಕ್ಯಾನ್ ತರ್ಲಾ ಸಾರ್?"