ರಿಂಗಿನ ಕೊಕ್ಕೆ

ಮೊನ್ನೆ ಬೆಳಿಗ್ಗೆ ಏಳು ಗಂಟೆಗೇ ಬ್ರಹ್ಮಾವರದ ಹತ್ತಿರ ಒಂದು ಸೈಟಿಗೆ ಹೋಗಿದ್ದೆ. ಮೂರು ಮಾಳಿಗೆಯ ಮನೆ, ಕೆಳಗೆ ಕಾರು ನಿಲ್ಲಿಸಲು ಜಾಗ. ಹತ್ತಕ್ಕೆ ಪಿಲ್ಲರ್ ಕಾಂಕ್ರೀಟ್. ಮಿಕ್ಸರ್ ಬಂದು ನಿಂತಿತ್ತು, ಸೆಂಟ್ರಿಂಗಿನವರು ಅರ್ಧ ಮುಚ್ಚಿಯೂ ಆಗಿತ್ತು. ಟಾರ್ಚ್ ಬಿಟ್ಟು ಒಳಗೆ ಇಣುಕಿದೆ. ಪಿಲ್ಲರಿನ ಉದ್ದದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳ ತುದಿಯನ್ನೆಲ್ಲ 90 ಡಿಗ್ರಿಗೆ ಬಗ್ಗಿಸಿದ್ದರು. ಡ್ರಾಯಿಂಗಿನಲ್ಲಿ ನಾನು ಬರೆದದ್ದು 135.

"ಮೇಡಮ್ಮಾರ, ಇಷ್ಟ ಬಗ್ಗಿಸಿದ್ರ ಸಾಕಲ್ರಿ?" ಅಂದರು ಬಾರ್ ಬೆಂಡರ್. ಬಾಗಲಕೋಟೆ ಕಡೆಯವರು, ಬಹಳ ವರ್ಷದಿಂದ ಇಲ್ಲೇ ಕೆಲಸ, ಕೈ ಚುರುಕು. ಅವರ ಕಷ್ಟ ನನಗೂ ಗೊತ್ತು. 90 ಆದರೆ ರಿಂಗು ಕಂಬಿಯೊಳಗೆ ಸಲೀಸಾಗಿ ಇಳಿಯುತ್ತದೆ. 135 ಆದರೆ ಕೊಕ್ಕೆ ಅಡ್ಡ ಬರುತ್ತದೆ. ತೂಕದ ಲೆಕ್ಕದಲ್ಲಿ ಕೂಲಿ ಎಣಿಸುವವರಿಗೆ 8 ಎಂ.ಎಂ. ರಿಂಗು ಅಂದರೆ ಬೆವರು ಜಾಸ್ತಿ, ದುಡ್ಡು ಕಮ್ಮಿ.

ಮನೆಯ ಯಜಮಾನರು ಮಸ್ಕತ್‌ನಿಂದ ರಜೆಯಲ್ಲಿ ಬಂದವರು. "ನಮ್ಮ ಉಡುಪಿಯಲ್ಲಿ ಎಂತ ಭೂಕಂಪ ಮಾರಾಯ್ರೆ! ಮಳೆಗೆ ಸೋರದಿದ್ರೆ ಸಾಕು" ಅಂದರು.

ಇಪ್ಪತ್ತು ವರ್ಷದಿಂದ ಕೇಳುತ್ತಿರುವ ಮಾತು ಇದು. ಭೂಕಂಪದ ಲೆಕ್ಕಕ್ಕೆಂದೇ ಇರುವ ಭಾರತೀಯ ಮಾನಕ ಐಎಸ್ 1893ರ 2016ರ ನಕ್ಷೆ ತೆಗೆದು ನೋಡಿ. ವಲಯದ ಸಂಖ್ಯೆ ಏರಿದಷ್ಟೂ ಅಪಾಯ ಜಾಸ್ತಿ. ಬೆಂಗಳೂರು ಎರಡನೇ ವಲಯ, ನಮ್ಮ ಕರಾವಳಿ ಮೂರನೆಯದು. ಕಂಪನದ ಬಲ ಲೆಕ್ಕ ಹಾಕಲು ಹಿಡಿಯುವ ಅಂಕಿ ಅಲ್ಲಿ 0.10 ಆದರೆ ಇಲ್ಲಿ 0.16. 2022ರ ಜೂನ್ ಕೊನೆಗೆ ಸುಳ್ಯದ ಕಡೆ ಪಾತ್ರೆ ಅಲುಗಾಡಿದ್ದು ನೆನಪಿದೆಯಾ? ದೊಡ್ಡದೇನಲ್ಲ, ತೀವ್ರತೆ 3ರ ಆಸುಪಾಸು. ಒಂದು ವಾರ ಎಲ್ಲರೂ ಅದನ್ನೇ ಮಾತಾಡಿದರು, ಆಮೇಲೆ ಮರೆತರು. ನಕ್ಷೆಯ ಬಣ್ಣವನ್ನೂ ಪೂರ್ತಿ ನಂಬುವ ಹಾಗಿಲ್ಲ. 1993ರಲ್ಲಿ ಭೂಕಂಪಕ್ಕೆ ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿ ಆಗ ಇದ್ದದ್ದು ಎಲ್ಲಕ್ಕಿಂತ ಕಮ್ಮಿ ಅಪಾಯದ ವಲಯದಲ್ಲಿ.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು 2001ರ ಜನವರಿ 26ರಂದು. ಆಗ ಸುರತ್ಕಲ್‌ನಲ್ಲಿ ಓದುತ್ತಿದ್ದೆ. ಧ್ವಜಾರೋಹಣ ಮುಗಿಸಿ ಬಂದವರು ಹಾಸ್ಟೆಲ್ ಟಿವಿ ಮುಂದೆ ಕೂತೆವು, ಏಳಲೇ ಇಲ್ಲ. ಕಂಪನ ಹುಟ್ಟಿದ್ದು ಭುಜ್ ಹತ್ತಿರ. ಅಲ್ಲಿಂದ 200 ಕಿ.ಮೀ.ಗಿಂತ ದೂರದ ಅಹಮದಾಬಾದಿನಲ್ಲೂ ಫ್ಲ್ಯಾಟುಗಳು ಕುಸಿದಿದ್ದವು. ಅವುಗಳಲ್ಲಿ ಎಷ್ಟೋ ಕಟ್ಟಡಗಳಿಗೆ ಕೆಳಗೆ ಬರೀ ಪಿಲ್ಲರು, ಪಾರ್ಕಿಂಗು. ಮೇಲೆ ಗೋಡೆ ತುಂಬಿ ಗಟ್ಟಿ, ಕೆಳಗೆ ಬಡಕಲು ಕಾಲು. ಅಲುಗಾಟವೆಲ್ಲ ಆ ಕಾಲಿಗೇ ಬೀಳುತ್ತದೆ. ಈಗ ಮಂಗಳೂರಿನಲ್ಲಿ ಒಂದು ಸುತ್ತು ಹಾಕಿ, ಎಷ್ಟು ಫ್ಲ್ಯಾಟು ಹಾಗೆ ನಿಂತಿವೆ ನೋಡಿ.

ಸರಿ, ಕೊಕ್ಕೆಗೆ ಬರುತ್ತೇನೆ. ಮನೆ ಜೋರಾಗಿ ಆಚೆ ಈಚೆ ತೂಗಿದಾಗ ಪಿಲ್ಲರಿನ ಮೇಲ್ಪದರದ ಕಾಂಕ್ರೀಟ್ ಮೊದಲು ಉದುರುತ್ತದೆ. 90ರ ತುದಿಯನ್ನು ಹಿಡಿದಿಟ್ಟಿರುವುದು ಆ ಪದರ ಮಾತ್ರ. ಅದು ಹೋದರೆ ರಿಂಗು ಬಾಯಿ ಬಿಡುತ್ತದೆ, ಉದ್ದದ ಕಂಬಿ ಹೊರಕ್ಕೆ ಬಗ್ಗುತ್ತದೆ, ನಡುವಿನ ಕಾಂಕ್ರೀಟ್ ಪುಡಿಯಾಗುತ್ತದೆ. 135ರ ಕೊಕ್ಕೆ ಹಾಗಲ್ಲ, ತುದಿ ಪಿಲ್ಲರಿನ ಹೊಟ್ಟೆಯೊಳಗೆ ಕೂತಿರುತ್ತದೆ. ಭೂಕಂಪ ತಡೆಯುವಂತೆ ಕಂಬಿ ಕಟ್ಟುವ ಮಾನಕ ಐಎಸ್ 13920 ಕೇಳುವುದು ಇದನ್ನೇ. ಕೊಕ್ಕೆಯ ಬಾಲ ಕನಿಷ್ಠ 65 ಎಂ.ಎಂ. ಇರಬೇಕು. ಪಿಲ್ಲರಿನ ಮೇಲೆ, ಕೆಳಗೆ ಕನಿಷ್ಠ 450 ಎಂ.ಎಂ. ಉದ್ದಕ್ಕೆ ರಿಂಗುಗಳು ಒತ್ತೊತ್ತಾಗಿ ಬರಬೇಕು, ಒಂದರಿಂದ ಒಂದಕ್ಕೆ 100 ಎಂ.ಎಂ. ಮೀರಬಾರದು. ಮೂರನೇ ವಲಯದಲ್ಲಿ ಇದು ಕಡ್ಡಾಯ.

ಯಜಮಾನರ ಮಳೆಯ ಮಾತೂ ಸುಳ್ಳಲ್ಲ. ಅದೂ ಈ ರಿಂಗಿಗೇ ಬಂದು ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಮಲ್ಪೆಯಲ್ಲಿ ಒಂದು ಹಳೆ ಕಟ್ಟಡ ನೋಡಲು ಕರೆದಿದ್ದರು. ಪಿಲ್ಲರಿನ ಸಿಪ್ಪೆ ಎದ್ದಿತ್ತು. ಸುತ್ತಿಗೆಯಲ್ಲಿ ಸುಮ್ನೆ ತಟ್ಟಿದರೆ ಹಲಗೆಯಂತೆ ಕಳಚಿ ಬಿತ್ತು. ಉದ್ದದ ಕಂಬಿಗಳು ಸಣ್ಣಗಾದರೂ ಇದ್ದವು. ರಿಂಗು? ಕೆಲವು ಕಡೆ ಅದಿದ್ದ ಜಾಗದಲ್ಲಿ ಕಂದು ಗೆರೆ ಮಾತ್ರ. ಯಾಕೆಂದರೆ ಕಬ್ಬಿಣದಲ್ಲಿ ಎಲ್ಲಕ್ಕಿಂತ ಹೊರಗೆ ಇರುವುದು ರಿಂಗು, ತೆಳ್ಳಗಿರುವುದೂ ಅದೇ. ಉಪ್ಪುಗಾಳಿಗೆ ಮೊದಲ ತುತ್ತು. ಅದಕ್ಕೇ ನಾನು ಕಡಲ ಬದಿಯಲ್ಲಿ 45 ಎಂ.ಎಂ. ಕವರ್ (ಕಬ್ಬಿಣದ ಹೊರಗಿನ ಕಾಂಕ್ರೀಟ್ ಪದರ), ಎಂ30 ದರ್ಜೆಯ ಗಟ್ಟಿ ಕಾಂಕ್ರೀಟ್ ಬಿಟ್ಟು ಕೆಳಗೆ ಇಳಿಯುವುದಿಲ್ಲ. ಅದು ನನ್ನ ಹಟ ಅಲ್ಲ, ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456 ಹೇಳುವುದೂ ಅಷ್ಟೇ. ಆದರೂ ನನಗೆ "ಖರ್ಚಿನ ಮೇಡಂ" ಅಂತ ಒಂದು ಹೆಸರಿದೆ.

ಇಷ್ಟನ್ನೂ ಸೈಟಿನಲ್ಲಿ ನಿಂತು ಹೇಳಿದರೆ ಯಾರು ಕೇಳುತ್ತಾರೆ? "ಅಕ್ಕಿಮುಡಿ ಕಟ್ಟುವುದು ನೋಡಿದ್ದೀರಲ್ವಾ?" ಅಂತ ಶುರು ಮಾಡಿದೆ. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಬಿಗಿಯುವ ನಮ್ಮ ಕರಾವಳಿಯ ಉಂಡೆ ಕಟ್ಟು ಅದು. "ಬೈಹುಲ್ಲಿನ ಹಗ್ಗ ಎಷ್ಟೇ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸದಿದ್ದರೆ ಏನಾಗುತ್ತದೆ?" ಯಜಮಾನರು ಒಂದು ಕ್ಷಣ ಸುಮ್ಮನಾದರು. ಅವರ ಅಜ್ಜನ ಮನೆಯಲ್ಲಿ ಮುಡಿ ಕಟ್ಟುತ್ತಿದ್ದರಂತೆ.

ಬಾರ್ ಬೆಂಡರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. "ಮುಡಿ ಅಂದ್ರ ಏನ್ರಿ?" ಅಂದರು. ಕೈಯಲ್ಲಿ ಆಕಾರ ಮಾಡಿ ತೋರಿಸಿದೆ. "ಹಂಗನ್ರಿ ಮತ್ತ, ಜ್ವಾಳದ ಸಿವುಡು ಕಟ್ಟಿದಂಗ" ಅಂತ ನಕ್ಕು, ಒಂದು ರಿಂಗು ತೆಗೆದು ಬಾಗಿಸಿ ತೋರಿಸಿದರು. ಕೊಕ್ಕೆ ಸರಿಯಾಗಿ ಬಂದಿತ್ತು.

ಹದಿನಾಲ್ಕು ಪಿಲ್ಲರಿನ ರಿಂಗು ಬಿಚ್ಚಿ ಹೊಸದು ಕಟ್ಟಬೇಕು. ಕಾಂಕ್ರೀಟ್ ಶುಕ್ರವಾರಕ್ಕೆ ಹೋಗಿದೆ. ಮೊನ್ನೆ ವಾಪಸ್ ಕಳಿಸಿದ ಮಿಕ್ಸರಿನ ಬಾಡಿಗೆ ಯಾರು ಕೊಡುವುದು ಎಂಬ ಚರ್ಚೆ ವಾಟ್ಸಾಪಿನಲ್ಲಿ ಇನ್ನೂ ನಡೆಯುತ್ತಿದೆ.